ಮೊಣಕೈಯ ಎಂಟನೆಯ ನಕಲು

೨೦೨೨ರ ಆಗಸ್ಟ್ ೧೦, ಬುಧವಾರ. ಆಧಾರ: ಆ ವರ್ಷ ಕಾರವಾರದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ತೂಗುತ್ತಿದ್ದ ಕ್ಯಾಲೆಂಡರಿನ ಎಂಟನೆಯ ಹಾಳೆ. ಹತ್ತರ ಚೌಕದೊಳಗೆ ನನ್ನ ಹೆಂಡತಿಯ ಅಕ್ಷರದಲ್ಲಿ ‘ಪುಡಿ ಶುರು’ ಎಂದಿದೆ. ಔಷಧದಂಗಡಿಯ ಚೀಟಿಯ ಮೇಲಿರುವುದು ಆಗಸ್ಟ್ ೮, ಸೋಮವಾರ. ನಡುವೆ ಒಂದು ದಿನ ಖಾಲಿ ಹೋದದ್ದಕ್ಕೆ ಕಾರಣವಿದೆ. ಡಬ್ಬಿ ಮನೆಗೆ ಬಂದ ಮೇಲೂ ಅವಳು ಅದನ್ನು ತೆರೆಯಗೊಡಲಿಲ್ಲ. ಡಾಕ್ಟರಿಗೆ ಮತ್ತೊಮ್ಮೆ ಫೋನು ಮಾಡಿ, ಪ್ರಮಾಣವನ್ನು ಕೇಳಿ, ಅದನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿದ ನಂತರವೇ ಚಮಚವನ್ನು ನನ್ನ ಕೈಗೆ ಕೊಟ್ಟಳು.

ಪುಡಿಯ ಹೆಸರು ಇನಾಸಿಟಾಲ್. ಅದನ್ನು ಔಷಧವೆನ್ನಲಾಗದು, ಆಹಾರದ ಜೊತೆಗೆ ಪೂರಕವಾಗಿ ತೆಗೆದುಕೊಳ್ಳುವ, ನಾಲಗೆಗೆ ತುಸು ಸಿಹಿ ಎನಿಸುವ ಬಿಳಿಯ ವಸ್ತು. ನಾನು ಅದನ್ನು ನೀರಿಗೆ ಕಲಸಿ ಕುಡಿಯತೊಡಗಿದ್ದು ಸೋರಿಯಾಸಿಸ್ ಕಡಿಮೆಯಾದೀತೆಂಬ ಆಸೆಯಿಂದ. ಆ ಸೋರಿಯಾಸಿಸ್ ಬಂದದ್ದು, ಅಥವಾ ಕೆರಳಿದ್ದು, ಲಿಥಿಯಂ ಮಾತ್ರೆಯಿಂದ ಎಂಬುದು ಚರ್ಮದ ವೈದ್ಯರ ಅಭಿಪ್ರಾಯ. ಲಿಥಿಯಂ ಮಾತ್ರೆಯನ್ನು ನಾನು ೧೯೯೭ರಿಂದ ನುಂಗುತ್ತಿರುವುದು ತಲೆ ನೆಟ್ಟಗಿರಲೆಂದು. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಕಳೆದುಕೊಳ್ಳಬೇಕಾದೀತೇ ಎಂಬುದೇ ಆ ವರ್ಷದ ನಮ್ಮ ಮನೆಯ ಪ್ರಶ್ನೆಯಾಗಿತ್ತು. ಕೈಯನ್ನು ಉಳಿಸಿಕೊಳ್ಳುವುದೋ, ಬುದ್ಧಿಯನ್ನೋ?

ಕೈ ಎಂದದ್ದು ಸುಮ್ಮನೆ ಅಲ್ಲ. ಹಳೆಯ ಬಂದರು ದಫ್ತರಗಳ ಮತ್ತು ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿರುವ ಮನೆತನದ ಕಾಗದಗಳ ಕಾಲನಿರ್ಣಯ ಮಾಡುವುದು ಮೂವತ್ತನಾಲ್ಕು ವರ್ಷ ನನ್ನ ಉದ್ಯೋಗವಾಗಿತ್ತು. ನಿವೃತ್ತಿಯ ನಂತರವೂ ಜನ ಕಾಗದಗಳನ್ನು ಹುಡುಕಿಕೊಂಡು ಮನೆಗೆ ತರುತ್ತಿದ್ದರು. ೨೦೨೧ರ ಡಿಸೆಂಬರಿನಲ್ಲಿ ಎಡ ಮೊಣಕೈಯ ಮೇಲೆ ಒಂದು ರೂಪಾಯಿಯಷ್ಟು ಅಗಲದ ಕೆಂಪು ಮಚ್ಚೆ ಕಾಣಿಸಿತು. ಮಾರ್ಚಿಗೆ ಅದು ಅಂಗೈ, ಬೆರಳ ಸಂದು, ನೆತ್ತಿ ಎಲ್ಲ ಕಡೆ ಹಬ್ಬಿ ಬೆಳ್ಳಗೆ ಹೊಪ್ಪಳಿಕೆಯೇಳತೊಡಗಿತು. ಬೆರಳು ಮಡಿಸಿದರೆ ಚರ್ಮ ಬಿರಿದು ರಕ್ತ ಒಸರುತ್ತಿತ್ತು. ಓದುತ್ತಿದ್ದ ಕಾಗದದ ಮೇಲೆ ನನ್ನದೇ ಹುಡಿ ಉದುರುತ್ತಿತ್ತು. ಕುಂಚದಿಂದ ಧೂಳು ತೆಗೆಯುವ ನೆವದಲ್ಲಿ ನಾನು ಅದನ್ನೇ ಗುಡಿಸುತ್ತಿದ್ದೆ.

ಜುಲೈ ಕೊನೆಯಲ್ಲಿ ಹತ್ತಿರದ ಕಿನ್ನರ ಗ್ರಾಮದ ಒಬ್ಬ ರೈತರು ತಗಡಿನ ಪೆಟ್ಟಿಗೆಯೊಂದನ್ನು ತಂದಿದ್ದರು. ಅವರ ಅಜ್ಜನ ಕಾಲದ ಗೇಣಿ ಕಾಗದಗಳು. ನಾನು ಕೈ ಚಾಚಿದಾಗ ಅವರು ಪೆಟ್ಟಿಗೆಯನ್ನು ಕೊಡಲಿಲ್ಲ, ಮೇಜಿನ ಮೇಲಿಟ್ಟು ಹಿಂದೆ ಸರಿದರು.

“ಸರ್, ತಪ್ಪು ತಿಳಕಣಬೇಡಿ. ಇದು ಅಂಟೂದಲ್ಲ ಅಲ್ವಾ?”

“ಅಂಟುವುದಿಲ್ಲ.”

“ಅಲ್ಲ, ನಂಗೇನಿಲ್ಲ. ಮನೇಲಿ ಸೊಸೆ ಬಸುರಿ, ಅದ್ಕೆ ಕೇಳ್ದೆ.” ಪೆಟ್ಟಿಗೆಯ ಮುಚ್ಚಳ ತೆಗೆದು, “ಕಾಗದ ನಾನೇ ತಿರುವಿ ಹಾಕ್ತೆ. ನೀವು ದೂರದಿಂದ ಓದಿ ಹೇಳಿದ್ರೆ ಆಗೂದಿಲ್ವಾ?” ಎಂದರು.

ನಾನು ದೂರದಿಂದ ಓದಿದೆ. ಅವರು ಒಂದೊಂದಾಗಿ ಹಾಳೆ ತಿರುವಿದರು, ಎರಡು ಸಲ ತಲೆಕೆಳಗಾಗಿ. ಅವರು ಹೋದ ಮೇಲೆ ಊಟದ ಹೊತ್ತಿಗೆ ನಾನು ಹೆಂಡತಿಗೆ ಹೇಳಿದೆ: ಲಿಥಿಯಂ ಬಿಡುತ್ತೇನೆ.

ಅವಳು ಸಾರು ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಗೆ ಇಳಿಬಿಟ್ಟಳು.

“ಬಿಡ್ತೀರಿ? ಹಾಂಗಾರೆ ಬಾಳೆಗುಳಿಗೆ ಒಂದು ಕುರ್ಚಿ ಕಳಿಸ್ತೆ. ಈ ಸಲ ನಿಂತ್ಕಂಡು ಎಣಿಸೂದು ಬೇಡ, ವಯಸ್ಸಾಯ್ತು.”

ಈ ಮಾತಿನ ಹಿಂದೆ ಇರುವುದನ್ನು ಹೇಳದೆ ಮುಂದುವರಿಯುವುದು ಸಾಧ್ಯವಿಲ್ಲ. ೨೦೦೮ರಲ್ಲಿ, ಹನ್ನೊಂದು ವರ್ಷ ಸ್ವಸ್ಥನಾಗಿದ್ದ ಧೈರ್ಯದಿಂದ, ನಾನು ಯಾರಿಗೂ ತಿಳಿಸದೆ ಮಾತ್ರೆ ನಿಲ್ಲಿಸಿದೆ. ಆರು ವಾರಗಳಲ್ಲಿ ನಿದ್ರೆ ಹೋಯಿತು. ನವೆಂಬರಿನ ಒಂದು ದಿನ ಕಾರವಾರದಿಂದ ಬಸ್ಸು ಹತ್ತಿ ಅಂಕೋಲೆ ದಾಟಿ ಬಾಳೆಗುಳಿಯ ಕೂಡುರಸ್ತೆಯಲ್ಲಿ ಇಳಿದೆನಂತೆ. ಆಗ ಘಟ್ಟ ಇಳಿದು ಬರುವ ಅದಿರಿನ ಲಾರಿಗಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಅವುಗಳ ನಂಬರುಗಳಲ್ಲಿ ಈ ಕರಾವಳಿಯ ಕಳೆದುಹೋದ ಕಾಲಾನುಕ್ರಮಣಿಕೆ ಅಡಗಿದೆ ಎಂದು ನನಗೆ ಆ ಹೊತ್ತಿಗೆ ಸಂಶಯವಿಲ್ಲದೆ ತಿಳಿದಿತ್ತು. ಕೆಂಪು ಧೂಳಿನಲ್ಲಿ ನಿಂತು ಬರೆದುಕೊಳ್ಳುತ್ತಾ ಹೋದೆ. ಆ ದಿನದ ತಾರೀಕು ನನಗೆ ಗೊತ್ತಿಲ್ಲ. ಉಳಿದಿರುವ ಏಕೈಕ ದಾಖಲೆ ಇನ್ನೂರ ಹನ್ನೆರಡು ನಂಬರುಗಳಿರುವ ಒಂದು ನೋಟುಪುಸ್ತಕ. ಅದರಲ್ಲಿ ಎಲ್ಲಿಯೂ ದಿನಾಂಕವಿಲ್ಲ. ಬದುಕಿನಲ್ಲಿ ನಾನು ದಿನಾಂಕ ಹಾಕದೆ ಬರೆದ ಪುಸ್ತಕ ಅದೊಂದೇ.

ನನ್ನನ್ನು ಅಲ್ಲಿಂದ ಕರೆತಂದವಳು ಹೆಂಡತಿಯ ತಂಗಿ. ಬೊಬ್ರುವಾಡದಲ್ಲಿ ಅವಳ ಮನೆ. ಶೇಂಗಾ, ಹರಿವೆ, ಬದನೆ ಬೆಳೆದು ಅಂಕೋಲೆಯ ಪೇಟೆಗೆ ಒಯ್ಯುವವಳು. ಯಾರೋ ಪರಿಚಯದ ಚಾಲಕ ಸುದ್ದಿ ಮುಟ್ಟಿಸಿದ್ದ. ಅವಳು ಆಟೋದಲ್ಲಿ ಬಂದು, ಅಳದೆ, ಗದರದೆ, ನನ್ನ ಪಕ್ಕದಲ್ಲಿ ನಿಂತಳಂತೆ.

“ಭಾವ, ಇನ್ನೆಷ್ಟು ಲಾರಿ ಬಾಕಿ ಉಂಟು? ಮನೇಲಿ ಗಂಜಿ ತಣೀತದೆ. ಉಳಿದದ್ದು ನಾಳೆ ಎಣಿಸುವಾ, ಅವೆಲ್ಲ ಎಲ್ಲಿಗೂ ಹೋಗೂದಿಲ್ಲ.”

ನಾನು ಹೋದೆ. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದೆ. ಆಗ ಬೇರೆ ಮಾತ್ರೆಗಳನ್ನೂ ಪ್ರಯತ್ನಿಸಿದರು, ಯಾವುದೂ ನನಗೆ ಹಿಡಿಸಲಿಲ್ಲ, ಲಿಥಿಯಂಗೇ ಮರಳಬೇಕಾಯಿತು. ಆದ್ದರಿಂದ ೨೦೨೨ರ ಜುಲೈನಲ್ಲಿ ನಾನು ‘ಬಿಡುತ್ತೇನೆ’ ಎಂದಾಗ ಹೆಂಡತಿಯ ಕಣ್ಣ ಮುಂದೆ ಬಂದದ್ದು ನನ್ನ ಒಡೆದ ಅಂಗೈ ಅಲ್ಲ, ಆ ಕೆಂಪು ಧೂಳು.

ಆಗಸ್ಟ್ ೩ರಂದು ನಾವಿಬ್ಬರೂ ಹುಬ್ಬಳ್ಳಿಗೆ ಹೋದೆವು. ಬಸ್ಸಿನ ಟಿಕೇಟು ಉಳಿದಿದೆ. ಬಾಳೆಗುಳಿಯಲ್ಲಿ ಬಸ್ಸು ಘಟ್ಟದ ಕಡೆಗೆ ತಿರುಗುವಾಗ ಅವಳು ಕಿಟಕಿಯ ಪರದೆಯನ್ನು ಎಳೆದಳು. ಮನೋವೈದ್ಯೆ ನನ್ನನ್ನು ಹತ್ತು ವರ್ಷದಿಂದ ಬಲ್ಲವರು. ನಾನು ಓದಿ ತಂದಿದ್ದ ಕಾಗದಗಳನ್ನು ಅವರ ಮುಂದಿಟ್ಟೆ: ಲಿಥಿಯಂ ತೆಗೆದುಕೊಳ್ಳುವವರ ಸೋರಿಯಾಸಿಸ್‌ಗೆ ಇನಾಸಿಟಾಲ್ ಉಪಶಮನ ಕೊಟ್ಟೀತೆಂಬ ವಿಚಾರ. ಅವರು ಕನ್ನಡಕ ಏರಿಸಿ ಓದಿದರು.

“ನೋಡ್ರಿ ಸರ್, ಇದಕ್ಕ ಆಧಾರ ಭಾಳ ತೆಳ್ಳಗದ. ಸಣ್ಣ ಅಧ್ಯಯನ. ತೆಳ್ಳನ್ನ ಆಧಾರ ಅಂದ್ರ ಏನಂತ ನಿಮಗ ನಾ ಹೇಳಬೇಕಾಗಿಲ್ಲ.”

“ಪ್ರಯತ್ನಿಸಬಾರದೇ?”

“ಮಾಡೋಣು. ಆದ್ರ ಒಂದು. ಚರ್ಮದಾಗ ಲಿಥಿಯಂನ ಉಪದ್ರ ತಗಿಯೂ ಪುಡಿ ತಲಿಯೊಳಗ ಅದರ ಉಪಕಾರಾನೂ ತಗೀಬಹುದು. ತಗೀಲಿಕ್ಕಿಲ್ಲ. ಗೊತ್ತಿಲ್ಲ.” ಅವರು ಹೆಂಡತಿಯ ಕಡೆ ತಿರುಗಿದರು. “ಅದಕ್ಕ ನೀವು ಇವರ ನಿದ್ದಿ ಮ್ಯಾಲೆ ಕಣ್ಣಿಡ್ರಿ. ತಿಂಗಳಿಗೊಮ್ಮೆ ರಕ್ತ ತಪಾಸಣಿ. ಮತ್ತ ಒಂದ ಸಲಕ್ಕ ಒಂದ ಬದಲಾವಣಿ. ಊಟ, ನೀರು, ಬ್ಯಾರೆ ಗುಳಿಗಿ, ಯಾವುದೂ ಅಲುಗಾಡಬಾರದು.”

“ಒಂದು ಸಲಕ್ಕೆ ಒಂದೇ,” ಎಂದು ಹೆಂಡತಿ ಮೆಲ್ಲನೆ ಮತ್ತೊಮ್ಮೆ ಹೇಳಿಕೊಂಡಳು.

ಅಂದಿನಿಂದ ಮನೆಯಲ್ಲಿ ಇಬ್ಬರು ವೀಕ್ಷಕರಾದೆವು. ಇಬ್ಬರೂ ನೋಡುತ್ತಿದ್ದುದು ನನ್ನನ್ನೇ, ಆದರೆ ಬೇರೆ ಬೇರೆ ಕಡೆ. ನಾನು ಚರ್ಮವನ್ನು ನೋಡುತ್ತಿದ್ದೆ. ಹಳೆಯ ಮೊಹರುಗಳ ನಕಲು ತೆಗೆಯಲು ಇಟ್ಟುಕೊಂಡಿದ್ದ ಬಟರ್ ಪೇಪರನ್ನು ಪ್ರತಿ ಭಾನುವಾರ ಬೆಳಿಗ್ಗೆ ಎಡ ಮೊಣಕೈಯ ಮೇಲೆ ಹೊದಿಸಿ, ಮಚ್ಚೆಯ ಅಂಚನ್ನು ಸೀಸದ ಕಡ್ಡಿಯಿಂದ ತಿದ್ದಿ, ಕೆಳಗೆ ತಾರೀಕು ಬರೆದು ಕಡತಕ್ಕೆ ಸೇರಿಸುತ್ತಿದ್ದೆ. ಮೊದಲ ನಕಲು ಪುಡಿ ಶುರುವಾಗುವ ಮುಂಚಿನದು, ಆಗಸ್ಟ್ ೭. ಹೆಂಡತಿ ನೋಡುತ್ತಿದ್ದುದು ನನ್ನ ನಿದ್ರೆಯನ್ನು, ಮಾತಿನ ವೇಗವನ್ನು, ದಿನಕ್ಕೆ ಎಷ್ಟು ಪುಟ ಬರೆದೆನೆಂಬುದನ್ನು. ನಿದ್ರೆ ಸರಿಯಾದ ದಿನ ಕ್ಯಾಲೆಂಡರಿನ ಚೌಕದ ಮೂಲೆಯಲ್ಲಿ ಒಂದು ಚುಕ್ಕೆ, ಸರಿಯಿಲ್ಲದ ದಿನ ಒಂದು ಗೆರೆ. ಇದನ್ನು ನನಗೆ ಹೇಳಿರಲಿಲ್ಲ. ನನಗೆ ತಿಳಿದಿತ್ತು, ತಿಳಿದಿದೆ ಎಂದು ಅವಳಿಗೂ ತಿಳಿದಿತ್ತು. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಏನೋ ಹಾಡು ಗುನುಗಿದೆ. ಹಿಂದೆ ತಿರುಗಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು. ನಾನು ಬಾಯಿ ಮುಚ್ಚಿದೆ. ಸಂತೋಷವಾದರೂ ಸಂಶಯ, ಬೇಸರವಾದರೂ ಸಂಶಯ. ನಡುವಿನ ಒಂದು ಸಣ್ಣ ಜಾಗದಲ್ಲಿ ಎಚ್ಚರದಿಂದ ಕುಳಿತಿರಬೇಕು.

ಸೆಪ್ಟೆಂಬರ್ ಮೊದಲ ವಾರದ ರಕ್ತಪರೀಕ್ಷೆ ಸರಿಯಿತ್ತು. ಮಚ್ಚೆ ಮಾತ್ರ ಕದಲಲಿಲ್ಲ. ಎರಡನೆಯ, ಮೂರನೆಯ, ನಾಲ್ಕನೆಯ ನಕಲನ್ನು ಕಿಟಕಿಯ ಗಾಜಿಗೆ ಹಿಡಿದು ಒಂದರ ಮೇಲೊಂದು ಇಟ್ಟರೆ ಗೆರೆಗಳು ಕೂಡುತ್ತಿದ್ದವು. ಐದನೆಯದರಲ್ಲಿ ಒಂದು ಕಡೆ ಕೂದಲೆಳೆಯಷ್ಟು ಒಳಸರಿದಂತೆ ಕಂಡಿತು. ಆರನೆಯದರಲ್ಲಿ ಅದೂ ಇಲ್ಲ. ನನ್ನ ತಾಳ್ಮೆ ಕಡಿಮೆಯಾಗುತ್ತಿತ್ತು. ಕಿನ್ನರದವರು ವಾಪಸು ಒಯ್ದ ಪೆಟ್ಟಿಗೆಯಲ್ಲಿ ಓದದ ಕಾಗದಗಳು ಇನ್ನೂ ನಲವತ್ತಿದ್ದವು, ಅವರು ಮತ್ತೆ ಬಂದಿರಲಿಲ್ಲ.

ಇನ್ನು ಮುಂದಿನದನ್ನು ನಾನು ಎರಡು ವರ್ಷಗಳಿಂದ ಹೇಳುತ್ತ ಬಂದ ಕ್ರಮದಲ್ಲಿಯೇ ಬರೆಯುತ್ತೇನೆ.

ನಮ್ಮ ಕಡೆ ಚರ್ಮದ ಕಾಯಿಲೆಗೆ ಮೊದಲು ಮಾಡುವ ಪಥ್ಯವೆಂದರೆ ಉಪ್ಪು ಬಿಡುವುದು. ಮೀನು, ಹುಳಿ, ಉಪ್ಪು ಮೂರನ್ನೂ ಬಿಟ್ಟು ನಲವತ್ತೆಂಟು ದಿನ ಸಪ್ಪೆ ಗಂಜಿಯಲ್ಲಿ ಕಳೆಯುವುದು. ನನ್ನ ತಾಯಿ ನನ್ನ ಅಣ್ಣನಿಗೆ ಹುಳುಕಡ್ಡಿಯಾದಾಗ ಹೀಗೆ ಮಾಡಿದ್ದನ್ನು ನಾನು ಕಂಡಿದ್ದೇನೆ. ಸೆಪ್ಟೆಂಬರ್ ಕೊನೆಯಲ್ಲಿ ಹೆಂಡತಿ ನವರಾತ್ರಿಗೆಂದು ಬೊಬ್ರುವಾಡಕ್ಕೆ ಹೋಗಿ ಬಂದಳು. ಚೀಲದಿಂದ ಹರಿವೆಯ ಕಟ್ಟು ತೆಗೆಯುತ್ತ ತಂಗಿಯ ಮಾತನ್ನು ಒಪ್ಪಿಸಿದಳು:

“ಭಾವ ಆ ಸಿಹಿ ಪುಡಿ ಎಷ್ಟು ಬೇಕಾದ್ರೂ ತಿನ್ಲಿ. ಉಪ್ಪು ಬಿಡ್ದೆ ಯಾವ ಚರ್ಮ ಗುಣ ಆಗ್ತದೆ? ನಲವತ್ತೆಂಟು ದಿನ ಬಾಯಿ ಕಟ್ಟಲಿ, ನಾ ಬರ್ದು ಕೊಡ್ತೆ.”

ಮರುದಿನದಿಂದ ನನ್ನ ಗಂಜಿಗೆ ಉಪ್ಪಿರಲಿಲ್ಲ, ಪಲ್ಯಕ್ಕಿರಲಿಲ್ಲ, ಉಪ್ಪಿನಕಾಯಿಯ ಭರಣಿ ಮೇಲಿನ ಕಪಾಟಿಗೆ ಹೋಯಿತು. ಸೆಕೆ ವಿಪರೀತವಿತ್ತು, ಮಳೆ ಹಿಂದೆ ಸರಿಯುವ ಹೊತ್ತಿನ ನಮ್ಮೂರಿನ ಬೆವರು ಅಂಗಿಯನ್ನು ದಿನಕ್ಕೆ ಮೂರು ಸಲ ಬದಲಿಸುವಂತೆ ಮಾಡುತ್ತದೆ. ದೇಹದಲ್ಲಿ ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದು ಏರುತ್ತ ವಿಷವಾಗುತ್ತದೆ. ಇದು ಆ ಮಾತ್ರೆಯ ಮೊದಲ ಪಾಠ. ಆ ಪಾಠ ಆಗ ಯಾರ ತಲೆಗೂ ಬರಲಿಲ್ಲ.

ಅಕ್ಟೋಬರ್ ೧೦ರಂದು ರಕ್ತ ಕೊಡಬೇಕಿತ್ತು. ಹೋಗಲಿಲ್ಲ. ದಸರೆಯ ರಜೆ, ಪ್ರಯೋಗಾಲಯ ಮುಚ್ಚಿತ್ತು ಎಂದು ನನ್ನ ನೆನಪು. ಈಗ ಕ್ಯಾಲೆಂಡರ್ ನೋಡಿದರೆ ವಿಜಯದಶಮಿ ಅಕ್ಟೋಬರ್ ೫ಕ್ಕೇ ಮುಗಿದಿದೆ. ಹತ್ತನೆಯ ತಾರೀಕು ಸಾಮಾನ್ಯ ಸೋಮವಾರ. ಹೊಟ್ಟೆ ಕೆಟ್ಟಿತ್ತು, ಕಾಲಲ್ಲಿ ಬಲವಿರಲಿಲ್ಲ, ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಿದ್ದೆ. ಇವೆಲ್ಲ ಪಥ್ಯದ ಪರಿಣಾಮ, ಒಳಗಿನ ಕೊಳೆ ಹೊರಗೆ ಹೋಗುತ್ತಿದೆ ಎಂದು ನಾನು ಸಮಾಧಾನಪಟ್ಟುಕೊಂಡಿದ್ದೆ. ಹೆಂಡತಿ ಬೇರೆಯೇ ರೀತಿ ಓದುತ್ತಿದ್ದಳು. ಆ ವಾರದ ಚೌಕಗಳಲ್ಲಿ ಚುಕ್ಕೆಗಳಿಲ್ಲ, ಗೆರೆಗಳೇ.

ಅಕ್ಟೋಬರ್ ೯ರ ಭಾನುವಾರ ತೆಗೆದದ್ದು ಹತ್ತನೆಯ ನಕಲು. ಅದರ ಕೆಳಗೆ ನಾನು ಬರೆದ ಟಿಪ್ಪಣಿ: ‘ಅಂಚು ಹಲ್ಲುಹಲ್ಲಾಗಿದೆ. ಹೊಸ ಲಕ್ಷಣ. ಗಮನಿಸಬೇಕು.’ ನಾಲ್ಕು ದಿನ ಆ ಹಲ್ಲುಗಳ ಬಗ್ಗೆಯೇ ಯೋಚಿಸಿದೆ. ಮಚ್ಚೆ ಒಡೆಯುತ್ತಿದೆ, ಅಂದರೆ ಪುಡಿ ಕೆಲಸ ಮಾಡುತ್ತಿದೆ ಎಂದು ತರ್ಕಿಸಿದೆ. ೧೩ನೆಯ ತಾರೀಕು, ಗುರುವಾರ, ಬೆಳಗಿನ ತಿಂಡಿಯ ನಂತರ ಹೆಂಡತಿಯನ್ನು ಕರೆದು ನಕಲನ್ನು ಕಿಟಕಿಯ ಗಾಜಿಗೆ ಹಿಡಿದು ತೋರಿಸಿದೆ.

ಅವಳು ಕಾಗದವನ್ನು ನೋಡಿದಳು. ಆಮೇಲೆ ನನ್ನ ಮೊಣಕೈ ನೋಡಿದಳು. ಕೊನೆಗೆ ಕಾಗದ ಹಿಡಿದಿದ್ದ ನನ್ನ ಬಲಗೈಯನ್ನು ನೋಡಿದಳು. ಕಾಗದ ಗಾಜಿಗೆ ತಗುಲಿ ಪಟಪಟನೆ ಸದ್ದು ಮಾಡುತ್ತಿತ್ತು. ಫ್ಯಾನು ತಿರುಗುತ್ತಿರಲಿಲ್ಲ.

“ಇದು ಚರ್ಮದ ಹಲ್ಲಲ್ಲ ಮಾರಾಯ್ರೆ. ನಿಮ್ಮ ಕೈಯದು.”

ನಾನು ಕೈಯನ್ನು ಮೇಜಿನ ಮೇಲಿಟ್ಟೆ. ಮೇಜಿನ ಮೇಲಿದ್ದ ಚಹಾದ ಲೋಟದಲ್ಲಿ ಉಂಗುರಗಳೆದ್ದವು.

“ನಿನ್ನೆ ನೀವು ಬರ್ದ ಕಾಗದ ನೋಡಿದೆ,” ಎಂದಳು. “ವರ್ಷ ಎರಡು ಸಾವಿರದ ಎರಡು ಅಂತ ಹಾಕಿದ್ರಿ.”

“ಒಂದು ಅಂಕಿ ತಪ್ಪಿರಬಹುದು.”

“ಯಾರಿಗೆ? ನಿಮಗಾ? ನಿಮಗೆ ತಾರೀಕು ತಪ್ಪಿದ್ದು ನಾ ಒಂದೇ ಸಲ ನೋಡಿದ್ದು.” ಅವಳು ಪುಡಿಯ ಡಬ್ಬಿಯನ್ನು ನನ್ನಿಂದ ದೂರ ಸರಿಸಿದಳು. “ಆ ಪುಡಿ ಬಿಡಿ. ಸಾಕು. ಚರ್ಮ ಹೋದ್ರೆ ಹೋಗ್ಲಿ. ನಂಗೆ ಮತ್ತೆ ಬಾಳೆಗುಳಿ ಬೇಡ.”

“ಪುಡಿಯಿಂದಲ್ಲ,” ಎಂದೆ. ಎನ್ನಲು ಹೊರಟೆ ಎಂದರೆ ಸರಿ. ನಾಲಗೆ ದಪ್ಪವಾಗಿ ಅಕ್ಷರಗಳು ಅಂಟಿಕೊಂಡವು. ಅದನ್ನು ಕೇಳಿದೊಡನೆ ಅವಳು ಫೋನು ತೆಗೆದುಕೊಂಡಳು. ಮನೋವೈದ್ಯೆಯ ಮಾತು ನನಗೂ ಕೇಳಲೆಂದು ಸ್ಪೀಕರ್ ಹಾಕಿದಳು. ಕೈ ನಡುಕ, ಭೇದಿ, ತೊದಲು ಎಲ್ಲವನ್ನೂ ಅವಳು ಹೇಳಿ ಮುಗಿಸುವ ಮೊದಲೇ ಆ ಕಡೆಯಿಂದ ಪ್ರಶ್ನೆ ಬಂತು.

“ಊಟದಾಗ ಏನರ ಬದಲ್ ಆಗೇದೇನು?”

ಹೆಂಡತಿ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು ಎಂದು ನನಗೆ ನೆನಪು. ಎರಡು ಕ್ಷಣವೂ ಆಗಿರಬಹುದು.

“ಉಪ್ಪು ಬಿಟ್ಟಿದಾರೆ,” ಎಂದಳು.

“ಎಷ್ಟು ದಿನಾತು?”

“ಎರಡು ವಾರದ ಮೇಲಾಯ್ತು.”

ಆ ಕಡೆ ಉಸಿರೆಳೆದುಕೊಂಡದ್ದು ಕೇಳಿಸಿತು. ಲಿಥಿಯಂ ಈ ಕ್ಷಣದಿಂದ ನಿಲ್ಲಿಸಬೇಕು, ಹತ್ತಿರದ ಆಸ್ಪತ್ರೆಗೆ ಈಗಲೇ ಹೋಗಬೇಕು, ಹೋದೊಡನೆ ಲಿಥಿಯಂ ತೆಗೆದುಕೊಳ್ಳುವವರು ಎಂದು ಮೊದಲ ವಾಕ್ಯದಲ್ಲಿಯೇ ಹೇಳಬೇಕು ಎಂದರು. ಆಟೋದಲ್ಲಿ ಅವಳು ಆ ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಿದ್ದಳು.

ವರದಿ ನನ್ನ ಮುಂದಿದೆ. ಸಾಮಾನ್ಯವಾಗಿ ಒಂದರ ಕೆಳಗಿರಬೇಕಾದ ಅಂಕಿ ಎರಡನ್ನು ದಾಟಿತ್ತು. ನಾಲ್ಕು ದಿನ ನನ್ನ ರಕ್ತನಾಳಕ್ಕೆ ಹನಿಹನಿಯಾಗಿ ಹರಿಸಿದ್ದು ಬೇರೇನೂ ಅಲ್ಲ, ಉಪ್ಪುನೀರು. ಮೂತ್ರಪಿಂಡಕ್ಕೆ ಶಾಶ್ವತ ಹಾನಿಯಾಗಿಲ್ಲ ಎಂದು ಮೂರನೆಯ ದಿನ ತಿಳಿಯಿತು. ಅಲ್ಲಿಯವರೆಗೆ ಹೆಂಡತಿ ಮಂಚದ ಪಕ್ಕದ ಸ್ಟೂಲಿನಿಂದ ಎದ್ದದ್ದು ಕಡಿಮೆ.

ಎರಡನೆಯ ದಿನ ಮಧ್ಯಾಹ್ನ ತಂಗಿ ಬೊಬ್ರುವಾಡದಿಂದ ಬಂದಳು. ಕೈಯಲ್ಲಿ ಡಬ್ಬಿ, ಅದರಲ್ಲಿ ಏನಿತ್ತೋ ನಾನು ನೋಡಲಿಲ್ಲ. ನಾನು ಮಾತು ತಿದ್ದಿಕೊಳ್ಳುತ್ತ, ನಿಧಾನವಾಗಿ, ಅವಳಿಗೆ ಹೇಳಿದೆ: ನಿನ್ನ ಪಥ್ಯದಿಂದ ಇಷ್ಟಾಯಿತು.

ಅವಳು ಅಕ್ಕನ ಕಡೆ ನೋಡಿದಳು. ಅಕ್ಕ ಸಲೈನಿನ ಬಾಟಲಿಯ ಕಡೆ ನೋಡುತ್ತಿದ್ದಳು.

“ನಂದಾ?” ಎಂದಳು ತಂಗಿ. ಡಬ್ಬಿಯನ್ನು ಮಂಚದ ಕೆಳಗಿಟ್ಟು, ಸೆರಗನ್ನು ಸರಿ ಮಾಡಿಕೊಂಡು, ಮೂರೂವರೆಯ ಬಸ್ಸಿಗೆ ಹೊರಟುಹೋದಳು.

ಮನೆಗೆ ಬಂದದ್ದು ಅಕ್ಟೋಬರ್ ೧೭, ಸೋಮವಾರ. ಮೊದಲ ಅಪಾಯ ಮುಗಿದು ಎರಡನೆಯದು ಶುರುವಾಯಿತು: ರಕ್ತದಲ್ಲಿ ಲಿಥಿಯಂ ಇಳಿದ ಮೇಲೆ ಅದನ್ನು ಮತ್ತೆ ಆರಂಭಿಸುವವರೆಗಿನ ದಿನಗಳು. ನನ್ನ ತಲೆಯನ್ನು ಹಿಡಿದಿಡುವ ಯಾವುದೂ ಆಗ ಒಳಗಿರಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ನಾನು ಬಂದರು ದಫ್ತರಗಳ ಬಗ್ಗೆ ಸ್ವಲ್ಪ ಉತ್ಸಾಹದಿಂದ ಮಾತಾಡಿದೆ. ಅವಳು ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದಳು.

“ಲಾರಿ ನಂಬರು ಏನಾರೂ ನೆನಪಾಗ್ತಾ ಉಂಟಾ?”

“ಇಲ್ಲ.”

“ಖರೇ ಹೇಳಿ.”

“ಇಲ್ಲ ಅಂದೆನಲ್ಲ.”

“ಹಾಂಗಾರೆ ಸ್ವಲ್ಪ ನಿಧಾನ ಮಾತಾಡಿ. ನಂಗೆ ಬೆಳ್ಳುಳ್ಳಿ ಸುಲೀಲಿಕ್ಕೆ ಆಗೂದಿಲ್ಲ.”

ಒಂಬತ್ತನೆಯ ದಿನ, ಮೊದಲಿಗಿಂತ ಕಡಿಮೆ ಪ್ರಮಾಣದಲ್ಲಿ, ಮಾತ್ರೆ ಮರಳಿತು. ಪುಡಿಯನ್ನೂ ವೈದ್ಯೆಯ ಒಪ್ಪಿಗೆಯಿಂದ ನವೆಂಬರಿನಲ್ಲಿ ಮತ್ತೆ ಶುರುಮಾಡಿದೆವು. ಡಿಸೆಂಬರ್ ಮಧ್ಯದ ನಕಲಿನಲ್ಲಿ ಮಚ್ಚೆ ಮೊದಲಿದ್ದುದರ ಅರ್ಧಕ್ಕೆ ಇಳಿದಿದೆ, ಗೆರೆ ನಯವಾಗಿದೆ. ಫೆಬ್ರವರಿಯ ಹೊತ್ತಿಗೆ ಬೆರಳು ಮಡಿಸಿದರೆ ನೋವಿರಲಿಲ್ಲ. ಕಿನ್ನರದವರು ತಾವಾಗಿ ಬಂದು ಪೆಟ್ಟಿಗೆಯನ್ನು ನನ್ನ ಕೈಗೇ ಕೊಟ್ಟರು. ಇದು ಇನಾಸಿಟಾಲ್‌ನ ಗುಣವೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಲಿಥಿಯಂನ ಪ್ರಮಾಣ ಇಳಿದಿತ್ತು, ಸೆಕೆ ಹೋಗಿ ಬಿಸಿಲು ಹಿತವಾಗಿತ್ತು, ಚರ್ಮದ ವೈದ್ಯರು ಕೊಟ್ಟ ಮುಲಾಮು ನಡೆದೇ ಇತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನು ಮುರಿದ ಮೇಲೆ ಯಾವುದಕ್ಕೂ ಪ್ರಮಾಣಪತ್ರ ಬರೆದುಕೊಡುವ ಹಕ್ಕು ನನಗಿಲ್ಲ. ಪುಡಿ ಇಂದಿಗೂ ತೆಗೆದುಕೊಳ್ಳುತ್ತೇನೆ. ಹೆಬ್ಬೆರಳಿನ ಉಗುರಿನಲ್ಲಿ ಸೋರಿಯಾಸಿಸ್ ಮಾಡಿದ ಕುಳಿಗಳು ಹಾಗೆಯೇ ಇವೆ.

ಪಥ್ಯದ ಕಥೆಯನ್ನು ನಾನು ಬಂದುಹೋದವರಿಗೆಲ್ಲ ಹೇಳುತ್ತಿದ್ದೆ. ಓದಿದವರ ಮನೆಯಲ್ಲಿಯೂ ಉಪ್ಪಿಲ್ಲದ ಗಂಜಿ ಹೇಗೆ ಒಳನುಗ್ಗುತ್ತದೆ ಎಂಬುದಕ್ಕೆ ಅದೊಂದು ಒಳ್ಳೆಯ ದೃಷ್ಟಾಂತವಾಗಿತ್ತು. ಹೆಂಡತಿ ಒಳಗಿನಿಂದ ಚಹಾ ತಂದಿಟ್ಟು ಹೋಗುತ್ತಿದ್ದಳು. ತಂಗಿ ನಮ್ಮ ಮನೆಗೆ ಬರುವುದು ನಿಂತುಹೋಯಿತು. ೨೦೨೪ರ ಮೇ ತಿಂಗಳಲ್ಲಿ ಅವಳ ಮಗಳ ಮದುವೆ. ಬೊಬ್ರುವಾಡದ ಅಂಗಳದಲ್ಲಿ ಊಟ. ಎಲೆಯ ಮೇಲೆ ಮೊದಲು ಉಪ್ಪು ಬಡಿಸುವುದು ನಮ್ಮಲ್ಲಿ ರೂಢಿ. ಅವಳೇ ಉಪ್ಪಿನ ಬಟ್ಟಲು ಹಿಡಿದು ಪಂಕ್ತಿಯಲ್ಲಿ ಬರುತ್ತಿದ್ದಳು. ನನ್ನ ಎಲೆಯ ಮುಂದೆ ಬಂದಾಗ ನಿಂತು, ಬಟ್ಟಲನ್ನು ಹಿಂದಿದ್ದವಳ ಕೈಗೆ ದಾಟಿಸಿದಳು.

“ಭಾವನ ಎಲೆಗೆ ನೀ ಹಾಕೇ. ನಾ ಹಾಕಿದ್ರೂ ತಪ್ಪು, ಹಾಕ್ದಿದ್ರೂ ತಪ್ಪು. ನಮಗ್ಯಾಕೆ ಆ ಉಸಾಬರಿ?”

ಪಂಕ್ತಿಯಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಪಕ್ಕದ ಸಾಲಿನಲ್ಲಿದ್ದ ಹೆಂಡತಿ ನಗಲಿಲ್ಲ.

ಈ ಬರಹಕ್ಕೆಂದು ೨೦೨೫ರ ಫೆಬ್ರವರಿಯಲ್ಲಿ ಕಡತವನ್ನು ಕೆಳಗಿಳಿಸಿ ದಿನಾಂಕಗಳನ್ನು ಒಂದೊಂದಾಗಿ ತಾಳೆ ನೋಡಿದೆ. ಆ ಚಳಿಗಾಲದ ನಂತರ ನಕಲುಗಳನ್ನು ನಾನು ಎಷ್ಟೋ ಸಲ ತೆಗೆದು ನೋಡಿದ್ದೆ; ನೋಡಿದ್ದು ಮಚ್ಚೆಯ ಆಕಾರಗಳನ್ನು. ಬೇರೆಯವರ ಕಾಗದವಾದರೆ ಅಂಚಿನ ಟಿಪ್ಪಣಿಯನ್ನು ಮೊದಲು ಓದುವವನು, ನನ್ನವನ್ನು ಓದಿರಲಿಲ್ಲ.

ಕ್ಯಾಲೆಂಡರಿನ ಪ್ರಕಾರ ಹೆಂಡತಿ ಬೊಬ್ರುವಾಡಕ್ಕೆ ಹೋದದ್ದು ೨೦೨೨ರ ಸೆಪ್ಟೆಂಬರ್ ೨೯, ಗುರುವಾರ. ಹಾಗಾದರೆ ಹರಿವೆಯ ಕಟ್ಟು, ತಂಗಿಯ ಮಾತು, ಎಲ್ಲವೂ ಆ ಸಂಜೆಯವು. ತಂಗಿ ಆ ಮಾತನ್ನು ಆಡುವಾಗ ನಾನು ಅಲ್ಲಿರಲಿಲ್ಲ. ಆದರೂ ಅದು ನನಗೆ ಅವಳದೇ ದನಿಯಲ್ಲಿ ಕೇಳಿಸುತ್ತದೆ.

ಎಂಟನೆಯ ನಕಲು ಅದಕ್ಕಿಂತ ನಾಲ್ಕು ದಿನ ಮುಂಚಿನದು: ಸೆಪ್ಟೆಂಬರ್ ೨೫, ಭಾನುವಾರ. ಗೆರೆ ಸ್ಥಿರವಾಗಿದೆ, ಅಕ್ಷರ ನನ್ನದೇ, ಸಂಶಯಕ್ಕೆ ಎಡೆಯಿಲ್ಲ. ಬಲ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಮೂರು ಸಾಲು ಬರೆದಿದೆ: ‘ಇಂದಿನಿಂದ ಉಪ್ಪಿಲ್ಲದ ಊಟ. ಡಾಕ್ಟರನ್ನು ಕೇಳಿದಿರಾ ಎಂದಳು ಹೆಂಡತಿ, ಕೇಳಿದೆ ಎಂದೆ. ಕೇಳಿಲ್ಲ.’